ಹೆಣ್ಣುಬಾಕನಿಗೆ ಹೆಣ್ಣು ಜೋಡಿ: ಡಬ್ಬಿಂಗ್ ಬರೆಯುವವರಿಗೆ ಒಂದಿಷ್ಟು ದಾರಿ

ಇಂಗ್ಲಿಷ್ ಸೀರೀಸ್‌ನಲ್ಲಿ ಒಬ್ಬ ಗಂಡಸನ್ನು ‘ವುಮನೈಸರ್’ ಎಂದರೆ ನನಗೆ ಯಾವ ತಲೆನೋವೂ ಇಲ್ಲ. ಹೆಣ್ಣುಬಾಕ, ಸ್ತ್ರೀಲೋಲ, ಲಂಪಟ, ಕಚ್ಚೆಹರುಕ, ಶೋಕಿಲಾಲ, ರಸಿಕ, ರೋಮಿಯೊ. ಬೈಗುಳ ಬೇಕಾ, ಕೀಟಲೆ ಬೇಕಾ, ಒಳಗೊಳಗೇ ಮೆಚ್ಚುಗೆ ಬೇಕಾ, ಎಲ್ಲಕ್ಕೂ ಪದ ಇದೆ. ಅದೇ ಮಾತು ಒಬ್ಬ ಹೆಂಗಸಿನ ಬಗ್ಗೆ ಬಂತೋ, ಕೆಲಸ ಅಲ್ಲೇ ನಿಂತುಬಿಡುತ್ತದೆ.

ನಾನು ಬೆಂಗಳೂರಿನಲ್ಲಿ ಡಬ್ಬಿಂಗ್‌ಗೆ ಮಾತು ಬರೆಯುತ್ತೇನೆ. ಊರು ಗದಗದ ಕಡೆ. 2015ರಲ್ಲಿ ಸ್ಪರ್ಧಾ ಆಯೋಗದ (ವ್ಯಾಪಾರದಲ್ಲಿ ಪೈಪೋಟಿಗೆ ಯಾರೂ ಅಡ್ಡ ಬರದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ಆದೇಶ ಬಂದ ಮೇಲೆ ಕನ್ನಡದಲ್ಲಿ ಡಬ್ಬಿಂಗ್‌ಗೆ ಇದ್ದ ಅಡ್ಡಿ ನಿಧಾನಕ್ಕೆ ಸಡಿಲವಾಯಿತು, ಈಗ ಈ ಕೆಲಸಕ್ಕೆ ಹೊಸ ಹುಡುಗ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ. ಅವರು ಸುಸ್ತಾಗುವ ಜಾಗಗಳಲ್ಲಿ ಇದೂ ಒಂದು. ಹಾಗಾಗಿ ನಾನು ಹೇಗೆ ಮಾಡುತ್ತೇನೆ ಅಂತ ಬರೆದಿಡುತ್ತಿದ್ದೇನೆ. ಸಬ್‌ಟೈಟಲ್ ಬರೆಯುವವರಿಗೂ, ಸೀರಿಯಲ್ ಸಂಭಾಷಣೆ ಬರೆಯುವವರಿಗೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಲಿಯುವುದಕ್ಕೆ ಒಂದು ದೃಶ್ಯ ಇಟ್ಟುಕೊಳ್ಳೋಣ. ನಾನೇ ಕಟ್ಟಿದ್ದು. ಅಡುಗೆಮನೆ, ತಾಯಿ ತಟ್ಟೆ ಒರೆಸುತ್ತಿದ್ದಾಳೆ. ಬಾಗಿಲಿಗೆ ಒರಗಿ ನಿಂತ ಮಗಳು ಹೇಳುತ್ತಾಳೆ: ‘ಶೀಸ್ ಎ ಮ್ಯಾನ್‌ಈಟರ್, ಮಾಮ್.’ ಯಾರ ಬಗ್ಗೆ? ತನ್ನ ಸಿಸ್ಟರ್ ಬಗ್ಗೆ. ಅವಳು ನಲವತ್ತೈದರ ವಕೀಲೆ, ಸದ್ಯಕ್ಕೆ ಮೂವರು ಗಂಡಸರ ಜೊತೆ ಓಡಾಟ.

ಇದನ್ನು ಅಕ್ಷರಕ್ಕೆ ಅಕ್ಷರ ಇಳಿಸಿದರೆ ‘ಅವಳು ನರಭಕ್ಷಕಿ, ಅಮ್ಮ’ ಎಂದಾಗುತ್ತದೆ. ಅರಣ್ಯ ಇಲಾಖೆಗೆ ಫೋನ್ ಮಾಡಬೇಕಷ್ಟೆ. ಹಾಗಾದರೆ ಏನು ಬರೆಯಬೇಕು?

ಮೊದಲು, ಅವಳು ಎಂಥವಳು ನೋಡಿ

ಪದಕೋಶ ಆಮೇಲೆ ತೆಗೆಯಿರಿ. ಮೊದಲು ಎಪಿಸೋಡ್ ಪೂರ್ತಿ ನೋಡಿ, ಆಗುವುದಾದರೆ ಸೀಸನ್ ಪೂರ್ತಿ. ‘ಗಂಡಸರ ಹಿಂದೆ ಹೋಗುವವಳು’ ಎನ್ನುವ ಒಂದೇ ಹಣೆಪಟ್ಟಿಯ ಕೆಳಗೆ ಪೂರಾ ಬೇರೆ ಬೇರೆ ಹೆಂಗಸರನ್ನು ಕೂಡಿಸಿಟ್ಟಿರುತ್ತಾರೆ.

ಒಬ್ಬಳು, ಕೆಲಸ ಸಾಧಿಸುವುದಕ್ಕೆ ಗಂಡಸನ್ನು ಬಳಸುವವಳು. 1944ರ ‘ಡಬಲ್ ಇಂಡೆಮ್ನಿಟಿ’ ಸಿನಿಮಾದ ಹೆಂಡತಿ ಇಂಥವಳು. ವಿಮೆ ಏಜೆಂಟನನ್ನು ಮರುಳು ಮಾಡಿ, ಅವನ ಕೈಯಿಂದಲೇ ಗಂಡನನ್ನು ಮುಗಿಸುತ್ತಾಳೆ. ‘ಫಾಮ್ ಫಟಾಲ್’ ಎನ್ನುವುದು ಇವಳನ್ನೇ. ಇವಳಿಗೆ ಕನ್ನಡದಲ್ಲಿ ಬರ ಇಲ್ಲ: ಮೋಹಿನಿ, ಮಾಯಾಂಗನೆ, ವಿಷಕನ್ಯೆ. ಭಸ್ಮಾಸುರನ ಕೈಯನ್ನು ಅವನ ತಲೆಯ ಮೇಲೇ ಇಡಿಸಿದ ಮೋಹಿನಿಗೆ ಅವನ ಮೇಲೆ ಆಸೆ ಇತ್ತಾ? ಇಲ್ಲ, ಕೆಲಸ ಇತ್ತು. ಅದೂ ಅವಳು ಹೆಣ್ಣೇ ಅಲ್ಲ, ವಿಷ್ಣು. ಹಾಗಾಗಿ ಕಾರ್ಯಸಾಧನೆ ಇರುವ ಕಡೆ ಮಾತ್ರ ಈ ಪದಗಳು ಒಪ್ಪುತ್ತವೆ.

ಇನ್ನೊಬ್ಬಳು, ಖುಷಿಗಾಗಿ ಹೋಗುವವಳು. ‘ಸೆಕ್ಸ್ ಅಂಡ್ ದ ಸಿಟಿ’ (1998ರಿಂದ 2004) ನೋಡಿದವರಿಗೆ ಸಮಾಂತಾ ಗೊತ್ತು. ಅವಳಿಗೆ ಯಾರ ಆಸ್ತಿಯೂ ಬೇಡ, ಯಾರ ಕೊಲೆಯೂ ಬೇಡ. ಗಂಡಸು ಇಷ್ಟವಾದ, ಹೋದಳು. ಸಾಕಾಯಿತು, ಬಂದಳು. ಹೆಣ್ಣುಬಾಕನ ನಿಜವಾದ ಜೋಡಿ ಇವಳೇ. ಕನ್ನಡ ಬಾಯಿ ಕಟ್ಟಿಕೊಂಡು ಕೂರುವುದೂ ಇವಳ ಮುಂದೆಯೇ.

ಬರೀ ಮಾತಿನ ಚೆಲ್ಲಾಟದವಳು ಇನ್ನೊಂದು ಬಗೆ. ಕಣ್ಣು ಹೊಡೆಯುತ್ತಾಳೆ, ನಗುತ್ತಾಳೆ, ಮನೆಗೆ ಹೋಗಿ ಮಲಗುತ್ತಾಳೆ. ಬಿನ್ನಾಣಗಿತ್ತಿ, ವಯ್ಯಾರಿ, ಮಿಟುಕಲಾಡಿ. ಮುಗಿಯಿತು, ಇವಳಿಗೆ ಜಾಸ್ತಿ ಯೋಚನೆ ಬೇಡ.

ಕೊನೆಗೆ, ಮದುವೆಯಾಗಿ ಬೇರೊಬ್ಬನನ್ನು ಪ್ರೀತಿಸಿದವಳು. ಇವಳನ್ನು ದಯವಿಟ್ಟು ಈ ಸಾಲಿಗೆ ಸೇರಿಸಬೇಡಿ. ನಮ್ಮಲ್ಲಿ ಆ ಅಭ್ಯಾಸ ಹಳೆಯದು. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯ ಅಮೃತಮತಿಯನ್ನು ಕ್ಲಾಸ್‌ರೂಮಿನಲ್ಲಿ ಕಾಮಕ್ಕೆ ಉದಾಹರಣೆ ಮಾಡಿ ಹೇಳಿಕೊಡುತ್ತಾರೆ. ಅವಳು ಹೋಗಿದ್ದು ಎಷ್ಟು ಜನರ ಹಿಂದೆ? ಒಬ್ಬ ಮಾವುತ. ಸೊಟ್ಟ ಮೈಯ ಅಷ್ಟಾವಂಕ. ಅದೂ ರಾತ್ರಿ ಅವನ ಹಾಡು ಕೇಳಿ. ತಡವಾಗಿ ಬಂದಳೆಂದು ಅವನು ಹೊಡೆದಾಗಲೂ, ನೀನು ಬಿಟ್ಟರೆ ಮಿಕ್ಕ ಗಂಡಸರೆಲ್ಲ ನನಗೆ ಒಡಹುಟ್ಟಿದವರು ಎನ್ನುತ್ತಾಳೆ. ಅವಳ ಗಂಡನ ಕಡೆಯಿಂದ ನೋಡಿದರೆ ಮೋಸ, ಸರಿ. ಆದರೆ ಹೆಣ್ಣುಬಾಕನ ಜೋಡಿ ಇವಳಲ್ಲ. ಒಬ್ಬನಿಗೇ ಅಂಟಿಕೊಂಡವಳು.

ನಮ್ಮ ವಕೀಲೆ ಎರಡನೆಯ ಬಗೆ. ಹಾಗಾಗಿ ‘ಮೋಹಿನಿ’ ತಪ್ಪು. ಬರೆಯಲು ಆಸೆಯಾಗುತ್ತದೆ, ಯಾಕೆಂದರೆ ‘ಮ್ಯಾನ್‌ಈಟರ್’ ಮೂರು ಉಸಿರಿನ, ಅಂದರೆ ಮೂರು ಸಿಲಬಲ್‌ನ ಮಾತು, ‘ಮೋಹಿನಿ’ಯೂ ಮೂರೇ. ಎರಡೂ ತುಟಿ ಮುಚ್ಚಿ ಶುರುವಾಗುತ್ತವೆ. ಹೊಸಬರು ಇಲ್ಲೇ ಜಾರುತ್ತಾರೆ. ಬಾಯಿಗೆ ಸರಿಯಾಗಿ ಕೂತಿತು ಅಂತ ಪದ ಇಟ್ಟುಬಿಟ್ಟರೆ, ಮೂರನೇ ಎಪಿಸೋಡಿನ ಹೊತ್ತಿಗೆ ನೋಡುವವರು ‘ಇವಳು ಯಾರನ್ನ ಮುಗಿಸ್ತಾಳೆ’ ಅಂತ ಕಾಯುತ್ತಿರುತ್ತಾರೆ. ಅವಳು ಯಾರನ್ನೂ ಮುಗಿಸುವುದಿಲ್ಲ.

ಡಬ್ಬಿಯಲ್ಲಿ ಏನೇನಿದೆ

ಈಗ ಪದಗಳನ್ನು ಹರಡಿಕೊಂಡು ನೋಡಿ. ಗಂಡಸಿನ ಪದಗಳಲ್ಲಿ ಅರ್ಧ ಪದಗಳಿಗೆ ಬೆನ್ನು ತಟ್ಟುವ ಗುಣ ಇದೆ. ‘ರಸಿಕ ಕಣ್ರೀ ಅವರು’ ಎಂದರೆ ಅವರೇ ನಗುತ್ತಾರೆ. ‘ಗೂಳಿ ಹಂಗೆ ತಿರುಗ್ತಾನೆ’ ಎನ್ನುವುದರಲ್ಲೂ ಒಂಚೂರು ಹೆಮ್ಮೆ ಇದೆ. ‘ಕಚ್ಚೆಹರುಕ’ ಮಾತ್ರ ಸ್ವಲ್ಪ ಗಟ್ಟಿ ಬೈಗುಳ. ಕೈ, ಬಾಯಿ, ಕಚ್ಚೆ ಶುದ್ಧ ಇರಬೇಕು ಎನ್ನುತ್ತಾರಲ್ಲ, ಅದೇ ಕಚ್ಚೆ. ತಮಾಷೆ ಏನೆಂದರೆ, ನಮ್ಮ ಕಡೆ ಅಜ್ಜಿಯರು ಇಳಕಲ್ ಸೀರೆಯನ್ನು ಕಚ್ಚೆ ಹಾಕಿಯೇ ಉಡುತ್ತಿದ್ದರು. ಆದರೂ ‘ಕಚ್ಚೆಹರುಕಿ’ ಎಂದು ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಹೆಂಗಸಿಗೆ ಸಡಿಲ ಎನ್ನುವ ಮಟ್ಟದ ಸಣ್ಣ ತಪ್ಪೇ ಇಲ್ಲವೇನೋ, ಇದ್ದರೆ ನೇರ ದೊಡ್ಡದೇ.

ಹೆಂಗಸಿನ ಕಡೆ ಪದಗಳು ಕಡಿಮೆ ಇಲ್ಲ. ಆದರೆ ಎಲ್ಲವೂ ಬೇರೆ ಬೇರೆ ಗುಂಪಿನವು.

ಜಾರಿಣಿ, ಕುಲಟೆ, ಹಾದರಗಿತ್ತಿ: ಇವು ಅಪರಾಧದ ಪದಗಳು. ಜಾರ, ಹಾದರಿಗ ಎಂದು ಗಂಡು ರೂಪಗಳೂ ಇವೆ, ಆದರೆ ದಿನದ ಮಾತಿನಲ್ಲಿ ಉಳಿದಿರುವುದು ಹೆಣ್ಣು ರೂಪವೇ ಜಾಸ್ತಿ.

ಗಂಡುಬೀರಿ, ಬಜಾರಿ, ಗಯ್ಯಾಳಿ: ಇವನ್ನು ‘ವುಮನೈಸರ್’ಗೆ ಹೆಣ್ಣು ಜೋಡಿ ಎಂದುಕೊಂಡು ಬರೆಯುವವರಿದ್ದಾರೆ. ಬೇಡ. ಗಂಡುಬೀರಿ ಎಂದರೆ ಗಂಡಸಿನ ಥರ ನಡೆದುಕೊಳ್ಳುವವಳು, ಗಂಡಸಿನ ಹಿಂದೆ ಹೋಗುವವಳಲ್ಲ. ಬಜಾರಿ, ಗಯ್ಯಾಳಿ ಎರಡೂ ಬಾಯಿ ಜೋರಿಗೆ ಸಂಬಂಧಪಟ್ಟವು. ಜೋರು ಬಾಯಿಯವಳಿಗೆ ನಡತೆಯೂ ಸರಿ ಇರಲ್ಲ ಎನ್ನುವುದು ಹೇಳುವವರ ಸೇರಿಕೆ. ಆ ಸೇರಿಕೆಯನ್ನು ನೀವು ಮುಂದುವರಿಸಬೇಕಾಗಿಲ್ಲ.

ಇನ್ನು ‘ಬಸವಿ’. ಊರಲ್ಲಿ ತಿರುಗುವ ಹುಡುಗಿಗೆ ‘ಊರ ಬಸವಿ’ ಎನ್ನುವುದನ್ನು ಕೇಳಿರುತ್ತೀರಿ. ತಮಾಷೆಯ ಸಾಲಿಗೆ ಇದನ್ನು ಯಾವತ್ತೂ ಹಾಕಬೇಡಿ. ಬಳ್ಳಾರಿ ಸೀಮೆಯಲ್ಲಿ ದೇವರ ಹೆಸರಿಗೆ ಬಿಟ್ಟ ಹೆಣ್ಣುಮಕ್ಕಳ ಹೆಸರು ಅದು. ದೇವದಾಸಿ ಬಿಡುವುದನ್ನು ತಡೆಯಲು ರಾಜ್ಯ 1982ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು. ಆ ಬದುಕು ಬದುಕಿದವರು ಇನ್ನೂ ಇದ್ದಾರೆ, ಟಿವಿಯನ್ನೂ ನೋಡುತ್ತಾರೆ. ದೇವರಿಗೆ ಬಿಟ್ಟ ಬಸವನಿಗೆ ಜನ ಕೈ ಮುಗಿಯುತ್ತಾರೆ, ಬಸವಿ ಮಾತ್ರ ಬೈಗುಳವಾದಳು ನೋಡಿ.

‘ಸೂಳೆ’ ಪದದ ಬಗ್ಗೆ ಎಲ್ಲರೂ ಕೇಳುತ್ತಾರೆ. ಟಿವಿಗೆ ಹೋಗುವುದಾದರೆ ಹೇಗೂ ಮ್ಯೂಟ್ ಆಗುತ್ತದೆ. ಆದರೆ ಕತೆ ಹನ್ನೆರಡನೇ ಶತಮಾನದ್ದಾದರೆ ಲೆಕ್ಕ ಬೇರೆ. ಆಗ ಅದು ಒಂದು ಕಸುಬಿನ ಹೆಸರು. ಶರಣೆ ಸೂಳೆ ಸಂಕವ್ವೆ ತನ್ನ ಹೆಸರಿನ ಜೊತೆಗೇ ಉಳಿಸಿಕೊಂಡಿದ್ದಾಳೆ, ತನ್ನ ದೇವರನ್ನು ನಿರ್ಲಜ್ಜೇಶ್ವರ ಎಂದು ಕರೆದಿದ್ದಾಳೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರ ಎಂದು ಇನ್ನೊಂದು ಹೆಸರಿದ್ದರೂ ಜನ ಸೂಳೆಕೆರೆ ಎಂದೇ ಹೇಳುತ್ತಾರೆ. ಐತಿಹಾಸಿಕ ಕತೆಯಲ್ಲಿ ಪದ ನೋಡಿ ಗಾಬರಿಯಾಗಿ ಅಳಿಸಬೇಡಿ, ಈಗಿನ ಕತೆಯಲ್ಲಿ ಸುಮ್ನೆ ಖಾರಕ್ಕೆ ಅಂತ ತುರುಕಲೂ ಬೇಡಿ.

‘ವ್ಯಾಂಪ್’ ಬಗ್ಗೆ ಒಂದು ಮಾತು. ಇದು ವ್ಯಾಂಪೈರ್ ಎಂಬುದರ ಮೊಂಡು ರೂಪ. ಕಿಪ್ಲಿಂಗ್ 1897ರಲ್ಲಿ ಆ ಹೆಸರಿನದೇ ಒಂದು ಪದ್ಯ ಬರೆದ, 1915ರಲ್ಲಿ ತೆರೆಯ ಮೇಲೆ ಥೀಡಾ ಬಾರಾ ಆ ಥರದ ಹೆಂಗಸಾಗಿ ಬಂದಳು, ಅಲ್ಲಿಂದ ಗಂಡಸಿನ ರಕ್ತ ಹೀರುವವಳು ಎಂಬ ಅರ್ಥದಲ್ಲಿ ಪದ ಓಡಾಡಿತು. ಹಿಂದಿ ಸಿನಿಮಾಕ್ಕೆ ಬಂದಾಗ ಅವಳ ಕೈಗೆ ಗ್ಲಾಸು, ಕಾಲಿಗೆ ಕ್ಯಾಬರೆ. ಈಗ ನಮ್ಮ ಕನ್ನಡ ಸೀರಿಯಲ್ ಸೆಟ್‌ಗೆ ಹೋಗಿ ವ್ಯಾಂಪ್ ಯಾರು ಎಂದು ಕೇಳಿ. ಮೈತುಂಬ ಸೀರೆ, ಹಣೆತುಂಬ ಕುಂಕುಮ, ಕೈಯಲ್ಲಿ ಮನೆ ಬೀಗದ ಕೀ. ಗಂಡಸರ ಕಡೆ ತಿರುಗಿಯೂ ನೋಡುವುದಿಲ್ಲ, ಅವಳಿಗೆ ಬೇಕಾಗಿರುವುದು ಆಸ್ತಿ. ಹಾಗಾಗಿ ಇಂಗ್ಲಿಷ್‌ನಲ್ಲಿ ‘ವ್ಯಾಂಪ್’ ಇದೆ ಅಂತ ಕನ್ನಡದಲ್ಲೂ ವ್ಯಾಂಪ್ ಎಂದು ಬಿಟ್ಟರೆ, ನೋಡುವವರ ಕಣ್ಣಿಗೆ ಬರುವುದು ಅತ್ತೆ.

ಹೇಳುವವರು ಯಾರು?

ಸಾಲಿನ ಪಕ್ಕ ಮೂರು ವಿಷಯ ಬರೆದುಕೊಳ್ಳಿ: ಹೇಳಿದ್ದು ಯಾರು, ಯಾರ ಮುಂದೆ, ಯಾವ ಹೊಟ್ಟೆಯುರಿಯಲ್ಲಿ. ಹೊಟ್ಟೆಯುರಿ ಇಲ್ಲದಿದ್ದರೆ ಯಾವ ಖುಷಿಯಲ್ಲಿ.

ಬಿಟ್ಟುಹೋದ ಪ್ರೇಮಿ ಕುಡಿದು ಬೈಯುತ್ತಿದ್ದರೆ ಅವನ ಬಾಯಿಗೆ ಕೊಳಕು ಪದವನ್ನೇ ಕೊಡಿ. ಅವನನ್ನು ಮೆತ್ತಗೆ ಮಾಡಿದರೆ ಪಾತ್ರ ಹಾಳಾಗುತ್ತದೆ. ಆದರೆ ಒಂದು ಗೆರೆ ಇಟ್ಟುಕೊಳ್ಳಿ. ಮೂಲದಲ್ಲಿ ಇಲ್ಲದ ಕೊಳಕು ಕನ್ನಡದಲ್ಲಿ ಹುಟ್ಟಬಾರದು. ‘ಶೀ ಡೇಟ್ಸ್ ಎ ಲಾಟ್’ ಎಂದು ಸಹೋದ್ಯೋಗಿ ಸುಮ್ನೆ ಹೇಳಿದ್ದು, ಕನ್ನಡಕ್ಕೆ ಬರುವಾಗ ‘ಅವಳ ನಡತೆ ಸರಿ ಇಲ್ಲ’ ಆಗಿರುವುದನ್ನು ನಾನು ಸಾಕಷ್ಟು ಸ್ಕ್ರಿಪ್ಟ್‌ಗಳಲ್ಲಿ ತಿದ್ದಿದ್ದೇನೆ. ಬರೆದವರಿಗೆ ಗೊತ್ತೇ ಆಗಿರುವುದಿಲ್ಲ. ಕೈ ತಾನಾಗಿ ಆ ಕಡೆ ಹೋಗುತ್ತದೆ.

ಹಿಡಿಯುವುದು ಸುಲಭ. ಅದೇ ಸಾಲನ್ನು ಗಂಡು ಪಾತ್ರಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿ. ಗಂಡಿಗೆ ಹೇಳಿದಾಗ ನಗು ಬರುತ್ತದೆ, ಹೆಣ್ಣಿಗೆ ಹೇಳಿದಾಗ ಪಂಚಾಯ್ತಿ ಸೇರುತ್ತದೆ ಎಂದರೆ ಸಾಲು ಕೆಟ್ಟಿದೆ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನೆನಪಿಸಿಕೊಳ್ಳಿ. ಅಪ್ಪಣ್ಣ ರಾತ್ರಿಯೆಲ್ಲ ಸೂಳೆಮನೆಯಲ್ಲಿ, ಮಧ್ಯಾಹ್ನ ಊಟಕ್ಕೆ ಮಾತ್ರ ಮನೆಗೆ. ಊರಿನವರು ಒಂದು ಮಾತು ಕೇಳುವುದಿಲ್ಲ. ರಾಣಿ ಬಸುರಿಯಾದ ಕೂಡಲೇ ಊರೇ ಸೇರಿತು, ಅವಳು ಹುತ್ತಕ್ಕೆ ಕೈ ಹಾಕಿ ನಾಗರ ಹಿಡಿದು ಪ್ರಮಾಣ ಮಾಡಬೇಕಾಯಿತು. ಕಾರ್ನಾಡರು ಬೇಕೆಂದೇ ಹಾಗೆ ಬರೆದರು. ನಾವು ಡಬ್ಬಿಂಗ್‌ನವರು ಬೇಡದಿದ್ದರೂ ಬರೆಯುತ್ತೇವೆ.

ನಮ್ಮ ದೃಶ್ಯಕ್ಕೆ ಬನ್ನಿ. ಹೇಳಿದ್ದು ಸಿಸ್ಟರ್. ಇಂಗ್ಲಿಷ್‌ಗೆ ಅಕ್ಕನೂ ಒಂದೇ, ತಂಗಿಯೂ ಒಂದೇ. ನಮಗೆ ಹಾಗಲ್ಲವಲ್ಲ. ಸ್ಕ್ರಿಪ್ಟಿನ ಪಾತ್ರಪಟ್ಟಿ ನೋಡಿ. ಇವಳು ಮೂವತ್ತೆಂಟು, ವಕೀಲೆ ನಲವತ್ತೈದು. ಅಂದರೆ ತಂಗಿ ಅಕ್ಕನ ಬಗ್ಗೆ ಅಮ್ಮನಿಗೆ ಚಾಡಿ ಹೇಳುತ್ತಿದ್ದಾಳೆ. ಇವಳ ಮದುವೆ ಹೋದ ವರ್ಷ ಮುರಿದಿದೆ. ಸಿಟ್ಟಿಗಿಂತ ಹೊಟ್ಟೆಕಿಚ್ಚು ಜಾಸ್ತಿ. ಅಮ್ಮನ ಮುಂದೆ ಆದ್ದರಿಂದ ಬಾಯಿ ಅಷ್ಟೇನೂ ಸಡಿಲ ಇಲ್ಲ. ಇಷ್ಟು ಗೊತ್ತಾದರೆ ಜಾರಿಣಿ, ಹಾದರಗಿತ್ತಿ, ಮೋಹಿನಿ ಎಲ್ಲವೂ ತಾವಾಗಿಯೇ ಎದ್ದು ಹೋಗುತ್ತವೆ.

ಹೆಸರಿಡಬೇಡಿ, ಮಾಡುವುದನ್ನು ಹೇಳಿ

ಇದು ನಾನು ಅತಿ ಹೆಚ್ಚು ಬಳಸುವ ದಾರಿ. ‘ಅವಳು ಇಂಥವಳು’ ಎಂಬ ಒಂದು ಪದ ಹುಡುಕುವ ಬದಲು, ಅವಳು ಏನು ಮಾಡುತ್ತಾಳೆ ಎಂದು ಹೇಳಿ. ಹೆಣ್ಣಿಗೆ ಹೆಸರಿಡಲು ಹೋದರೆ ಕನ್ನಡ ಕೋರ್ಟು ಹಾಕುತ್ತದೆ. ಆದರೆ ಮಾಡುವುದನ್ನು ಹೇಳಲು ನಮ್ಮಲ್ಲಿ ಚೆನ್ನಾದ ಮಾತುಗಳಿವೆ, ಗಂಡಿಗೂ ಹೆಣ್ಣಿಗೂ ನಡೆಯುತ್ತವೆ.

‘ಕಾಳು ಹಾಕ್ತಾಳೆ’ ನೋಡಿ, ಎಷ್ಟು ಲಘುವಾಗಿದೆ. ‘ಬುಟ್ಟಿಗೆ ಹಾಕ್ಕೊಂಡ್ಳು’ ಎಂದರೆ ಜಾಣತನ ಇದೆ, ಪಾಪ ಇಲ್ಲ. ‘ಲೈನ್ ಹೊಡೀತಾಳೆ’ ಇತ್ತೀಚೆಗೆ ಹುಡುಗಿಯರೇ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ‘ಅವಳಿಗೆ ಒಬ್ಬ ಸಾಲಲ್ಲ’, ‘ಬೆರಳ ತುದಿಯಲ್ಲಿ ಕುಣಿಸ್ತಾಳೆ’, ‘ಮನಸ್ಸು ಬಂದವನ ಜೊತೆ ಹೋಗ್ತಾಳೆ’. ಇದರಲ್ಲಿ ಯಾವುದೂ ಕಲ್ಲು ಎತ್ತಿ ಹೊಡೆಯುವುದಿಲ್ಲ. ‘ಊರು ಮೇಯ್ದು ಬರ್ತಾಳೆ’ ಮಾತ್ರ ಸ್ವಲ್ಪ ಚುಚ್ಚುತ್ತದೆ, ಅತ್ತೆಯ ಬಾಯಿಗೆ ಚೆನ್ನ.

ಹೊಸ ಪದ ಕಟ್ಟಬಹುದಾ ಎಂದರೆ, ಕಟ್ಟಬಹುದು, ನಗಿಸುವುದಕ್ಕಾದರೆ. ಹೆಣ್ಣುಬಾಕನಿಗೆ ಜೋಡಿ ‘ಗಂಡುಬಾಕಿ’ ಎಂದು ಒಬ್ಬ ಹುಡುಗ ಬರೆದುಕೊಂಡು ಬಂದಿದ್ದ. ಮೈಕ್ ಮುಂದೆ ನಿಂತ ಕಲಾವಿದೆ ಓದಿ, ‘ಮೇಡಂ, ಛತ್ರದಲ್ಲಿ ಹೆಣ್ಣು ಬಂದಾಯ್ತು, ಇನ್ನು ಗಂಡು ಬಾಕಿ ಅನ್ನೋ ಥರ ಕೇಳ್ತದಲ್ಲ’ ಎಂದಳು. ಆಮೇಲೆ ಆ ದಿನ ಆ ಸಾಲು ಯಾರಿಗೂ ನೆಟ್ಟಗೆ ಹೇಳಲಾಗಲಿಲ್ಲ. ‘ಪುರುಷಲೋಲೆ’ ವ್ಯಾಕರಣಕ್ಕೆ ಸರಿ, ಕಿವಿಗೆ ಪೌರಾಣಿಕ ನಾಟಕ. ಬೇಕೆಂದೇ ಗಾಂಭೀರ್ಯದ ಅಣಕ ಮಾಡುವ ಗೆಳತಿಯ ಪಾತ್ರ ಇದ್ದರೆ ಕೊಡಿ.

ಹೆಸರು ಸಾಲ ತರುವುದು ಇನ್ನೊಂದು ದಾರಿ. ‘ನಮ್ಮ ಆಫೀಸಿನ ಕ್ಯಾಸನೋವಾ ಇವಳು’ ಎಂದು ಗಂಡಸಿನ ಹೆಸರನ್ನೇ ಹೆಂಗಸಿಗೆ ಹಾಕಿ, ಒಳ್ಳೆ ಏಟು ಬೀಳುತ್ತದೆ. ಕ್ಯಾಸನೋವಾ ನಿಜವಾಗಿ ಬದುಕಿದ್ದವನು (1725ರಿಂದ 1798), ತನ್ನ ಪ್ರೇಮಪ್ರಸಂಗಗಳನ್ನು ತಾನೇ ಬರೆದಿಟ್ಟವನು. ಅವನಿಗೆ ಸಿಕ್ಕಿದ್ದು ಕೀರ್ತಿ. ‘ಲೇಡಿ ರೋಮಿಯೊ’ ಕೂಡ ನಡೆಯುತ್ತದೆ. ಪಾಪ ರೋಮಿಯೊ ಒಬ್ಬಳಿಗಾಗಿ ವಿಷ ಕುಡಿದವನು, ನಮ್ಮ ಬಸ್‌ಸ್ಟಾಂಡ್‌ಗಳಲ್ಲಿ ಅವನ ಹೆಸರು ಕೆಟ್ಟಿದೆ ಅಷ್ಟೆ. ‘ಆಂಟಿ’ ಪದವನ್ನು ಮಾತ್ರ ‘ಕೂಗರ್’ಗೆ (ತನಗಿಂತ ಚಿಕ್ಕ ವಯಸ್ಸಿನ ಗಂಡಸರ ಹಿಂದೆ ಹೋಗುವವಳಿಗೆ ಇಂಗ್ಲಿಷ್‌ನವರು ಇಟ್ಟ ಹೆಸರು) ಬದಲಾಗಿ ಬಳಸಬೇಡಿ. ಪಕ್ಕದ ಮನೆಯವರನ್ನು ಕರೆಯುವ ಪದಕ್ಕೆ ಹುಡುಗರು ಮಾಡಿರುವ ಗತಿಯೇ ಸಾಕು.

ಆ ಹೆಂಗಸು ತನ್ನ ಬಗ್ಗೆ ತಾನೇ ಮಾತಾಡುವ ಸಾಲುಗಳಿಗೆ ನಾನು ಯಕ್ಷಗಾನದ ಕಡೆ ಹೋಗುತ್ತೇನೆ. ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತ ಇಲ್ಲದ ಯಕ್ಷಗಾನದಲ್ಲಿ, ಒಳ್ಳೆಯ ಅರ್ಥಧಾರಿ ಊರ್ವಶಿಯ ಪಾತ್ರವಾಗಿ ಮಾತಾಡುವುದನ್ನು ಕೇಳಿ. ಅರ್ಜುನನ ಬಾಗಿಲಿಗೆ ತಾನಾಗಿ ಬರುತ್ತಾಳೆ. ನೀನು ನಮ್ಮ ವಂಶದ ಪುರೂರವನ ಹೆಂಡತಿ, ತಾಯಿ ಸಮಾನ ಎಂದು ಅವನು ಕೈ ಮುಗಿದರೆ, ನಾವು ಅಪ್ಸರೆಯರು, ನಿಮ್ಮ ಭೂಮಿಯ ನಂಟಸ್ತನ ನಮಗೆ ಯಾಕಪ್ಪ ಎಂದು ವಾದಕ್ಕೆ ನಿಲ್ಲುತ್ತಾಳೆ. ಅಳುವುದಿಲ್ಲ, ತಲೆ ತಗ್ಗಿಸುವುದಿಲ್ಲ, ಕೊನೆಗೆ ಶಾಪ ಕೊಟ್ಟೇ ಹೋಗುತ್ತಾಳೆ. ಆಸೆಯನ್ನು ನಾಚಿಕೆ ಇಲ್ಲದೆ, ಆದರೆ ಅಗ್ಗ ಮಾಡದೆ ಕೇಳುವ ಹೆಣ್ಣಿನ ಕನ್ನಡ ಅಲ್ಲಿದೆ. ವಾಕ್ಯ ಕದಿಯಬೇಡಿ, ನಿಲುವು ಕಲಿಯಿರಿ.

ತುಟಿಗೆ ಕೂರಿಸುವುದು

ಈಗ ಬಾಯಿ. ಪ, ಬ, ಮ ಬಂದರೆ ತುಟಿ ಮುಚ್ಚುತ್ತದೆ, ತೆರೆಯ ಮೇಲೆ ಅದು ಎದ್ದು ಕಾಣುತ್ತದೆ. ಮಿಕ್ಕ ಅಕ್ಷರಗಳಲ್ಲಿ ಸ್ವಲ್ಪ ಆಚೀಚೆ ನಡೆಯುತ್ತದೆ. ‘ಶೀಸ್ ಎ ಮ್ಯಾನ್‌ಈಟರ್, ಮಾಮ್’ ಎನ್ನುವಾಗ ತುಟಿ ‘ಮ್ಯಾ’ದಲ್ಲಿ ಒಮ್ಮೆ, ‘ಮಾಮ್’ನಲ್ಲಿ ಎರಡು ಸಲ ಮುಚ್ಚುತ್ತದೆ. ಮೊದಲ ತುಣುಕಿನಲ್ಲಿ ತೆರೆದೇ ಇರುತ್ತದೆ.

‘ಅವಳಿಗೆ ಒಬ್ಬ ಸಾಲಲ್ಲಮ್ಮ’ ಪರವಾಗಿಲ್ಲ, ಆದರೆ ಒಬ್ಬ ಸಾಲದಿದ್ದರೆ ಎಷ್ಟು? ಕತೆಯಲ್ಲಿ ಮೂವರಿದ್ದಾರೆ, ‘ಮೂರು’ ಶುರುವಾಗುವುದೂ ಮ-ಕಾರದಿಂದಲೇ. ‘ಅವಳಿಗೆ’ ಬದಲು ‘ಅಕ್ಕಂಗೆ’ ಎಂದರೆ ನಂಟೂ ಬಂತು, ತುಟಿಯೂ ಮುಚ್ಚಲಿಲ್ಲ. ನಾನು ಬರೆಯುವುದು ಇದು:

‘ಅಕ್ಕಂಗೆ ಮೂರೂ ಸಾಲ್ದಮ್ಮ.’

‘ಮೂ’ ಸರಿಯಾಗಿ ‘ಮ್ಯಾ’ದ ಮೇಲೆ ಕೂರುತ್ತದೆ, ‘ಮ್ಮ’ ಕೊನೆಯ ‘ಮ್’ ಮೇಲೆ. ಇಂಗ್ಲಿಷ್‌ಗಿಂತ ಎರಡು ಉಸಿರು ಜಾಸ್ತಿ, ಹಾಗಾಗಿ ‘ಅಕ್ಕಂಗೆ’ಯನ್ನು ಒಂದು ಕೂದಲಿನಷ್ಟು ಮುಂಚೆ ಎತ್ತಿಕೊಳ್ಳಲು ಕಲಾವಿದೆಗೆ ಹೇಳಬೇಕು. ಕೊನೆಗೆ ಮೂಲದಲ್ಲಿ ತುಟಿ ಮುಚ್ಚಿ ಮುಗಿಯುತ್ತದೆ, ನಮ್ಮದು ತೆರೆದು. ಶಾಟ್ ಅಷ್ಟರಲ್ಲಿ ತಾಯಿಯ ಮುಖಕ್ಕೆ ಹೋಗಿದ್ದರೆ ಚಿಂತೆ ಇಲ್ಲ, ಹೋಗಿಲ್ಲದಿದ್ದರೆ ‘ಮ್ಮ’ವನ್ನು ನುಂಗಿ ಹೇಳಿಸಿ.

ಒತ್ತು ಎಲ್ಲಿ ಬೀಳುತ್ತದೆ ಎನ್ನುವುದನ್ನು ಸ್ಕ್ರಿಪ್ಟಿನಲ್ಲೇ ಗೆರೆ ಎಳೆದು ತೋರಿಸಿ. ‘ಮೂರೂ’ ಮೇಲೆ ಒತ್ತಿದರೆ ಹೊಟ್ಟೆಕಿಚ್ಚು ಕೇಳುತ್ತದೆ: ನನಗೆ ಒಬ್ಬನೂ ಇಲ್ಲ, ಅವಳಿಗೆ ಮೂರು. ‘ಸಾಲ್ದು’ ಮೇಲೆ ಒತ್ತಿದರೆ ದೂರು ಕೇಳುತ್ತದೆ: ಇವಳಿಗೆ ತೃಪ್ತಿ ಅನ್ನೋದೇ ಇಲ್ಲ. ನಮಗೆ ಬೇಕಾಗಿರುವುದು ಮೊದಲನೆಯದು. ಟೇಕ್ ತೆಗೆದುಕೊಳ್ಳುವಾಗ ಎರಡನ್ನೂ ಹೇಳಿಸಿ ಇಟ್ಟುಕೊಳ್ಳಿ, ಡೈರೆಕ್ಟರ್ ಮನಸ್ಸು ಬದಲಾಯಿಸುವುದು ಸಂಜೆ ಆರರ ಮೇಲೆ, ಕಲಾವಿದೆ ಮನೆಗೆ ಹೋದ ನಂತರ.

ಕೊನೆಯ ಕೆಲಸ, ಯಾರೂ ಮಾಡದ ಕೆಲಸ: ಪಾತ್ರದ ಪದಪಟ್ಟಿ. ಒಂದು ಹಾಳೆಯಲ್ಲಿ ವಕೀಲೆಯ ಹೆಸರು ಬರೆಯಿರಿ. ತಂಗಿ ಅವಳ ಬಗ್ಗೆ ಏನು ಹೇಳುತ್ತಾಳೆ, ತಾಯಿ ಏನು ಹೇಳುತ್ತಾಳೆ, ಬಿಟ್ಟುಹೋದ ಗಂಡ ಏನು ಹೇಳುತ್ತಾನೆ, ಅವಳು ತನ್ನ ಬಗ್ಗೆ ಏನು ಹೇಳಿಕೊ‌ಳ್ಳುತ್ತಾಳೆ. ಬಳಸಬಾರದ ಪದಗಳನ್ನು ಕೆಳಗೆ ಕೆಂಪು ಶಾಯಿಯಲ್ಲಿ, ಯಾಕೆ ಬಾರದು ಎಂಬ ಅರ್ಧ ಸಾಲಿನ ಜೊತೆ. ಮುಂದಿನ ಸೀಸನ್ ನಿಮಗೇ ಸಿಗುತ್ತದೆ ಎಂದೇನಿಲ್ಲ, ಬೇರೆ ಯಾರೋ ಬರೆಯುತ್ತಾರೆ. ಫೈಲ್ ಕಳಿಸುವಾಗ ಈ ಹಾಳೆಯನ್ನೂ ಸೇರಿಸಿ ಕಳಿಸಿ. ಇಲ್ಲದಿದ್ದರೆ ಎರಡನೇ ಸೀಸನ್‌ನ ಮೊದಲ ಎಪಿಸೋಡಿನಲ್ಲೇ ಅವಳು ಗಂಡುಬೀರಿ ಆಗಿರುತ್ತಾಳೆ.